ಕುಡಿದು ಓಡಿಸಿದವನಿಗೆ ಶಿಫಾರಸು ಬೇಡ

ಕೊಲ್ಲೂರು, ಮುರುಡೇಶ್ವರದ ಕಡೆ ಪ್ರವಾಸ ಹೋದವರಿಗೆ ಶಿರೂರಿನ ಟೋಲ್ ಗೇಟ್ ಗೊತ್ತಿರುತ್ತದೆ. ಬೈಂದೂರು ದಾಟಿದ ಮೇಲೆ, ಭಟ್ಕಳಕ್ಕೆ ಮುಂಚೆ, ಉಡುಪಿ ಜಿಲ್ಲೆ ಮುಗಿಯುವ ಊರು ಅದು. 2024ರಲ್ಲಿ ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು, ಇದು ಬೇರೆ. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಒದ್ದೆಯಾಗಿದ್ದ ಈ ಟೋಲ್ ಗೇಟಿನಲ್ಲಿ ಜಾರಿ, ಗಿರಕಿ ಹೊಡೆದು ಮಗುಚಿತು. ನಾಲ್ವರು ಪ್ರಾಣ ಕಳೆದುಕೊಂಡರು. ಆ ದೃಶ್ಯವನ್ನು ಮೊಬೈಲಿನಲ್ಲಿ ನೀವೂ ನೋಡಿರಬಹುದು.

ಆ ಅಪಘಾತದ ಕಾರಣವನ್ನು ನಾನಿಲ್ಲಿ ವಿಚಾರಿಸುತ್ತಿಲ್ಲ. ರಸ್ತೆ ಕೆಲಸದಲ್ಲೇ ಕೂದಲು ನರೆತ ಎಂಜಿನಿಯರನಾಗಿ ಅದರಿಂದ ಒಂದು ಮಾತನ್ನಷ್ಟೇ ಎತ್ತಿಕೊಳ್ಳುತ್ತೇನೆ. ಹೆದ್ದಾರಿಯಲ್ಲಿ ಚಾಲಕನಿಗೆ ಸಿಗುವ ಸಮಯ ಬಹಳ ಕಡಿಮೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಅಡ್ಡ ಬಂದದ್ದನ್ನು ಕಂಡು, ತಿಳಿದು, ಬ್ರೇಕಿನ ಮೇಲೆ ಕಾಲಿಡಲು ಚಾಲಕನಿಗೆ ಎರಡೂವರೆ ಸೆಕೆಂಡ್ ಬೇಕೆಂದು ಲೆಕ್ಕ ಹಿಡಿದು ನಾವು ರಸ್ತೆಯ ತಿರುವು, ಏರುಗಳನ್ನು ವಿನ್ಯಾಸ ಮಾಡುತ್ತೇವೆ. ಈ ಲೆಕ್ಕ ಎಚ್ಚರದಲ್ಲಿರುವ ಮನುಷ್ಯನದು. ಕುಡಿದವನು ಒಂದೇ ಸೆಕೆಂಡ್ ತಡ ಮಾಡಿದರೂ ಇನ್ನೂ 22 ಮೀಟರ್ ಹೋಯಿತು. ಆ 22 ಮೀಟರಿನೊಳಗೆ ಯಾರು ನಿಂತಿರುತ್ತಾರೋ ಹೇಳಲಾಗದು. ಕುಡುಕನಿಗೆಂದು ರಸ್ತೆ ಕಟ್ಟಲು ಯಾವ ಎಂಜಿನಿಯರಿಗೂ ಸಾಧ್ಯವಿಲ್ಲ.

ನಮ್ಮ ಕಾನೂನು ಸಡಿಲವಾಗಿದೆ ಎಂದು ಹಲವರು ದೂರುತ್ತಾರೆ. ಓದಿ ನೋಡಿದರೆ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಅಪರಾಧ. ಇಂಗ್ಲೆಂಡಿನಲ್ಲಿ ಈ ಮಿತಿ 80. ವಿಸ್ಕಿಯ 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 65 ಕಿಲೋ ತೂಕದ ಗಂಡಸಿಗೆ ಲೆಕ್ಕ ಹಾಕಿದರೆ ಅದೊಂದೇ ಅವನನ್ನು 20ರ ಮೇಲೆ ಒಯ್ಯುತ್ತದೆ. ಎರಡನೆಯ ಪೆಗ್ಗಿಗೆ ಮಿತಿ ದಾಟಿದ ಹಾಗೆಯೇ. "ಸ್ವಲ್ಪ ತಗೊಂಡಿದ್ದೀನಿ, ಏನೂ ಆಗಲ್ಲ" ಎನ್ನುವವನು ಕಾನೂನಿನ ಕಣ್ಣಿನಲ್ಲಿ ಆಗಲೇ ಅಪರಾಧಿ.

ಶಿಕ್ಷೆಯೂ ಹಗುರವಲ್ಲ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ದಂಡ, ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಆ ತಿಂಗಳು ಜನ ಕೂಗೆಬ್ಬಿಸಿದ್ದರಿಂದ ನಮ್ಮ ರಾಜ್ಯ ಸರ್ಕಾರ ಹೆಲ್ಮೆಟ್ ದಂಡವನ್ನು 1,000ದಿಂದ 500ಕ್ಕೆ ಇಳಿಸಿತು. ಕುಡಿದು ಓಡಿಸುವುದರ ದಂಡ ಇಳಿಯಲಿಲ್ಲ. ಏಕೆಂದರೆ ಅದು ಸ್ಥಳದಲ್ಲೇ ಹಣ ಕಟ್ಟಿ ರಸೀದಿ ಪಡೆದು ಹೋಗುವ ಅಪರಾಧವಲ್ಲ, ನ್ಯಾಯಾಲಯದ ಮುಂದೆ ನಿಲ್ಲಲೇಬೇಕು. ಇಂಥವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕು, ಮೊದಲ ಅಪರಾಧಕ್ಕೂ ಜೈಲು ಶಿಕ್ಷೆಯನ್ನೇ ಕೇಳಬೇಕು ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು.

ಸಾವಾದರೆ ಕಥೆಯೇ ಬೇರೆ. 2006ರ ನವೆಂಬರಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯ ಪಕ್ಕ ಮಲಗಿದ್ದ ಕೂಲಿಕಾರರ ಮೇಲೆ ಕುಡಿದವನ ಕಾರು ಹರಿದು ಏಳು ಮಂದಿ ಸತ್ತರು. ಕೆಳ ನ್ಯಾಯಾಲಯ ಅದನ್ನು ನಿರ್ಲಕ್ಷ್ಯವೆಂದು ಕರೆದು ಆರು ತಿಂಗಳು ಶಿಕ್ಷೆ ಕೊಟ್ಟಿತು. ಹೈಕೋರ್ಟ್ ಅದನ್ನು ನರಹತ್ಯೆಯೆಂದು ಪರಿಗಣಿಸಿ ಮೂರು ವರ್ಷಕ್ಕೆ ಏರಿಸಿತು, 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಗಲೆಲ್ಲ ದುಡಿದು ರಾತ್ರಿ ರಸ್ತೆ ಬದಿಯಲ್ಲಿ ಒರಗಿದ ಏಳು ಕಾಯಕಜೀವಿಗಳಿಗೆ ಮೂರು ವರ್ಷ ಸಾಕೇ ಎಂದು ನನಗೆ ಇಂದಿಗೂ ಅನಿಸುತ್ತದೆ. ಆದರೂ ತಿಳಿದು ತಿಳಿದು ಕುಡಿದು ಓಡಿಸಿದ್ದನ್ನು ಬರೀ ಅಜಾಗರೂಕತೆ ಎನ್ನಲಾಗದು ಎಂಬ ಮಾತು ಆ ತೀರ್ಪಿನಿಂದ ಗಟ್ಟಿಯಾಯಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಂಥ ನರಹತ್ಯೆಗೆ ಹತ್ತು ವರ್ಷದವರೆಗೂ ಶಿಕ್ಷೆಯಿದೆ.

ಹಾಗಾದರೆ ಕೊರತೆ ಎಲ್ಲಿದೆ? ನನ್ನನ್ನೇ ಉದಾಹರಣೆಯಾಗಿ ಕೊಡುತ್ತೇನೆ.

ನಾನು ಸೇವೆಯಲ್ಲಿದ್ದಾಗ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಅಕ್ಕ ಫೋನ್ ಮಾಡಿ ಅತ್ತಳು. ಅವಳ ಮಗನನ್ನು ಪೊಲೀಸರು ಹಿಡಿದಿದ್ದರು. ಕುಡಿದು ಬೈಕ್ ಓಡಿಸುತ್ತಿದ್ದ. ಕೆಲಸದ ಸಂಬಂಧ ನನಗೆ ಅಧಿಕಾರಿಯೊಬ್ಬರ ಪರಿಚಯವಿತ್ತು. "ನಮ್ಮ ಹುಡುಗ ಸಾರ್, ಓದುವವನು, ಸ್ವಲ್ಪ ನೋಡಿ" ಎಂದೆ. ಕುಡಿದವನನ್ನು ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲವಾದರೆ ಬಿಡಬೇಕು ಎಂದು ಕಾಯ್ದೆಯ 202ನೇ ಕಲಮಿನಲ್ಲಿದೆ. ಬಂಧಿತನ ಹಕ್ಕನ್ನು ಕಾಯಲು ಮಾಡಿದ ಆ ನಿಯಮ ಅಂದು ನಮಗೆ ಬಾಗಿಲಾಯಿತು. ಡಾಕ್ಟರು ಸಿಗಲಿಲ್ಲ, ಜೀಪು ಇರಲಿಲ್ಲ, ಎರಡು ಗಂಟೆ ಕಳೆಯಿತು, ಹುಡುಗ ಮನೆಗೆ ಬಂದ. ಅಕ್ಕ ನನ್ನನ್ನು ದೇವರು ಎಂದಳು.

ಎರಡು ವರ್ಷವಾಗಿರಲಿಲ್ಲ. ಅದೇ ಹುಡುಗ ಅದೇ ಸ್ಥಿತಿಯಲ್ಲಿ ಬೈಕನ್ನು ನಿಂತ ಲಾರಿಗೆ ಗುದ್ದಿದ. ಅವನಿಗೆ ತರಚು ಗಾಯ. ಹಿಂದೆ ಕುಳಿತಿದ್ದ ಗೆಳೆಯನ ಬಲಗಾಲು ಮೊಣಕಾಲ ಕೆಳಗೆ ಹೋಯಿತು. ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಕಡತದಲ್ಲಿ ಅದು ಅವನ ಮೊದಲ ಅಪರಾಧ. ಹಾಗೆ ಮಾಡಿದ್ದು ನನ್ನ ಫೋನ್. ಮೊದಲ ಸಲವೇ ನ್ಯಾಯಾಧೀಶರ ಮುಂದೆ ನಿಂತು ಲೈಸೆನ್ಸ್ ಕಳೆದುಕೊಂಡಿದ್ದರೆ ಅವನು ಎಚ್ಚೆತ್ತುಕೊಳ್ಳುತ್ತಿದ್ದನೋ ಇಲ್ಲವೋ, ಆ ಅವಕಾಶವನ್ನಂತೂ ನಾನು ಕಸಿದುಕೊಂಡೆ. ಕಾಲು ಕಳೆದುಕೊಂಡವನ ತಂದೆ ಮದುವೆ ಮನೆಗಳಲ್ಲಿ ಎದುರಾದಾಗ ಈಗಲೂ ಶರಣು ಎಂದು ಕೈ ಮುಗಿಯುತ್ತಾರೆ. ನನ್ನ ಫೋನಿನ ವಿಷಯ ಅವರಿಗೆ ಗೊತ್ತಿಲ್ಲ. ಈ ಲೇಖನ ಓದಿದರೆ ಗೊತ್ತಾಗುತ್ತದೆ. ಗೊತ್ತಾಗಲಿ.

ಇದನ್ನು ನಾನು ದಯೆ ಎಂದುಕೊಂಡಿದ್ದೆ. ನಮ್ಮ ಸಮಾಜದಲ್ಲಿ ನನ್ನಂಥವರು ಬಹಳ ಇದ್ದೇವೆ. ಅಧಿಕಾರಿಗಳು, ವಕೀಲರು, ಜನಪ್ರತಿನಿಧಿಗಳು, ಕೆಲವೊಮ್ಮೆ ಮಠದ ಹೆಸರು ಹೇಳಿ ಮಾತಾಡುವವರು. "ನಮ್ಮವನು" ಎಂಬ ಒಂದು ಮಾತಿಗೆ ಕಾನೂನು ಬಾಗುತ್ತದೆ. ಬಡ ಆಟೋ ಚಾಲಕನಿಗೆ ಫೋನ್ ಮಾಡುವ ಮಾವ ಇರುವುದಿಲ್ಲ, ಅವನು ತಿಂಗಳ ದುಡಿಮೆಯನ್ನು ದಂಡವಾಗಿ ಕಟ್ಟುತ್ತಾನೆ. ಮೇಲು ಕೀಳನ್ನು ಅಳಿಸಲು ಹೊರಟ ಬಸವಣ್ಣನವರ ಹೆಸರು ಹೇಳಿಕೊಂಡು ನಾವು ಪೊಲೀಸ್ ಠಾಣೆಯಲ್ಲೇ ಹೊಸ ಮೇಲು ಕೀಳು ಕಟ್ಟುತ್ತಿದ್ದೇವೆ.

ಪಂಚಾಚಾರಗಳಲ್ಲಿ ಗಣಾಚಾರವನ್ನು ನಾವು ಬಹುಮಟ್ಟಿಗೆ ವೇದಿಕೆಗೆ ಬಿಟ್ಟಿದ್ದೇವೆ. ನಮ್ಮವರ ತಪ್ಪನ್ನು ನಾವೇ ಸಹಿಸದಿರುವುದೂ ಗಣಾಚಾರವೇ. ಈ ಮಾತಿನಲ್ಲಿ ಕಾಯ್ದೆಯೂ ನಮ್ಮ ಜೊತೆಗಿದೆ. ಅದರ 188ನೇ ಕಲಮು ಕುಡಿದು ಓಡಿಸಲು ಪ್ರಚೋದನೆ, ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಎನ್ನುತ್ತದೆ. ಕುಡಿದಿದ್ದಾನೆಂದು ತಿಳಿದೂ ಕೀ ಕೊಟ್ಟು ಓಡಿಸೆಂದ ಅಪ್ಪನೂ, ಪ್ರವಾಸದಲ್ಲಿ ಚಾಲಕನಿಗೂ ಒಂದು ಗ್ಲಾಸ್ ಸುರಿದು ಗಾಡಿ ತೆಗೆ ಎನ್ನುವ ಗೆಳೆಯರೂ ಇದಕ್ಕೆ ಹೊರತಲ್ಲ. ಚಾಲಕನ ಕಾಯಕ ಅಂಬಿಗರ ಚೌಡಯ್ಯನವರ ಕಾಯಕದಂಥದು. ದೋಣಿ ಹತ್ತಿದವರ ಜೀವ ಹುಟ್ಟು ಹಾಕುವವನ ಕೈಯಲ್ಲಿರುತ್ತದೆ. ಅಂಥ ಕೈಗೆ ಮದ್ಯ ಕೊಡುವವನು ಕಾಯಕದ್ರೋಹಿ.

ಸರ್ಕಾರವನ್ನು ಟೀಕಿಸುವುದು ಸುಲಭ, ಟೀಕಿಸಬೇಕು ಕೂಡ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡವೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದಾಗ ಹಲವು ರಾಜ್ಯಗಳು ಹೆದ್ದಾರಿಯ ದರ್ಜೆಯನ್ನೇ ಕಾಗದದ ಮೇಲೆ ಇಳಿಸಿದವು. ಕೊನೆಗೆ ನಗರಸಭೆ, ಪುರಸಭೆಗಳ ವ್ಯಾಪ್ತಿಗೆ ವಿನಾಯಿತಿ ಸಿಕ್ಕಿತು. ರಸ್ತೆಯ ಹೆಸರು ಬದಲಾದರೆ ತಿರುವು ನೇರವಾಗುವುದಿಲ್ಲ ಎಂದು ಯಾವ ಜೂನಿಯರ್ ಎಂಜಿನಿಯರನೂ ಹೇಳಿಯಾನು. ಆದರೆ ಅಬಕಾರಿ ಆದಾಯ ನಂಬಿದ ಸರ್ಕಾರ ಬದಲಾಗುವವರೆಗೆ ನಾವು ಕಾಯಬೇಕಾಗಿಲ್ಲ.

ಹಾದಿ ತೋರಿದವರು ನಮ್ಮಲ್ಲೇ ಇದ್ದಾರೆ. ಹೆಂಡ ಮಾರುತ್ತಿದ್ದ ಮಾರಯ್ಯನವರನ್ನೂ ಶರಣರು ದೂರ ಇಡಲಿಲ್ಲ. ಅವರು ಕುಡುಕರಿಗೆ ತಿಳಿಹೇಳುವ ಶರಣರಾದರು ಎಂಬುದು ನಮ್ಮ ಪರಂಪರೆಯ ಮಾತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ಸುತ್ತಿ, ಕಾಸು ಕಾಳು ಕೇಳದೆ ದುಶ್ಚಟಗಳನ್ನು ಜೋಳಿಗೆಗೆ ಹಾಕಿರೆಂದು ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ನನ್ನ ಕೋರಿಕೆ ಮೂರೇ. ಮುಂದಿನ ಆಗಸ್ಟ್ 1ರಂದು ಮಠಗಳು ಜೋಳಿಗೆ ಹಿಡಿದಾಗ ಕುಡಿಯುವವರ ಚಟದ ಜೊತೆಗೆ ಪ್ರಭಾವಿಗಳ ಚಟವನ್ನೂ ಬೇಡಲಿ. ಕುಡಿದು ಓಡಿಸಿದವನ ಪರವಾಗಿ ಠಾಣೆಗೆ ಫೋನ್ ಮಾಡುವುದಿಲ್ಲ ಎಂದು ನಾವು ಬರೆದು ಹಾಕೋಣ. ಎರಡನೆಯದಾಗಿ, ಮಠಗಳ ಕಲ್ಯಾಣ ಮಂಟಪದೊಳಗೆ ಮದ್ಯವಿಲ್ಲ ನಿಜ, ಹೊರಗೆ ನಿಂತ ಕಾರುಗಳಲ್ಲಿ ಬಾಟಲಿ ತೆರೆಯುವುದು ಎಲ್ಲರಿಗೂ ಗೊತ್ತು. ಅಂಥವರ ಕೀ ಪಡೆದು ಬೇರೆ ಚಾಲಕನೊಡನೆ ಕಳಿಸುವ ಹೊಣೆಯನ್ನು ಮದುವೆ ಮನೆಯವರು ಹೊರಲಿ. ಮೂರನೆಯದಾಗಿ, ಮಠಗಳ ಕಾಲೇಜು, ಪ್ರಸಾದ ನಿಲಯಗಳಲ್ಲಿ ಹದಿನೆಂಟು ತುಂಬಿದ ಮಕ್ಕಳಿಗೆ 185 ಮತ್ತು 188ನೇ ಕಲಮುಗಳನ್ನು ಓದಿಸಲಿ. ಬಸವ ಜಯಂತಿಯ ಬೈಕ್ ರ‍್ಯಾಲಿ ಆ ಪ್ರತಿಜ್ಞೆಯಿಂದಲೇ ಹೊರಡಲಿ.

ಶಿಕ್ಷೆ ಅನುಭವಿಸಿದವನನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಅವನು ನ್ಯಾಯಾಲಯದಿಂದ ಬಂದ ದಿನವೇ ಅವನ ಮನೆಗೆ ಹೋಗಿ, ಪಕ್ಕದಲ್ಲಿ ಕೂರಿ, ವೈದ್ಯರ ಬಳಿ ಕರೆದೊಯ್ಯಿರಿ. ಠಾಣೆಯಿಂದ ಬಿಡಿಸುವುದಕ್ಕಿಂತ ಕುಡಿತದಿಂದ ಬಿಡಿಸುವುದು ಕಷ್ಟದ ಕೆಲಸ. ಅಕ್ಕ ಅತ್ತ ಆ ರಾತ್ರಿ ನಾನು ಸುಲಭದ್ದನ್ನು ಆರಿಸಿಕೊಂಡೆ. ನೀವು ಹಾಗೆ ಮಾಡಬೇಡಿ.