ಮಲ್ಟಿಕಾಸ್ಟ್ ರೂಟಿಂಗ್ ಮತ್ತು ದತ್ತಾಂಶ ಕೇಂದ್ರಗಳ ದಟ್ಟಣೆ ನಿರ್ವಹಣೆ

ಮಲ್ಟಿಕಾಸ್ಟ್ ರೂಟಿಂಗ್ ಅಥವಾ ಬಹುಪ್ರಸಾರ ಮಾರ್ಗನಿರ್ದೇಶನ ಎಂಬುದು ಒಂದೇ ಮಾಹಿತಿಯನ್ನು ಅನೇಕ ಗಣಕಗಳಿಗೆ ಏಕಕಾಲದಲ್ಲಿ ತಲುಪಿಸುವ ಜಾಲ ವಿಧಾನ. ಕಳುಹಿಸುವ ಗಣಕವು ಪ್ರತಿ ಪ್ಯಾಕೆಟ್ಟನ್ನು ಒಂದೇ ಬಾರಿ ರವಾನಿಸುತ್ತದೆ. ದಾರಿ ಕವಲೊಡೆಯುವ ಕಡೆ ಸ್ವಿಚ್‌ಗಳೇ ಅದರ ಪ್ರತಿಗಳನ್ನು ಮಾಡುತ್ತವೆ. ಯೂನಿಕಾಸ್ಟ್ ವಿಧಾನದಲ್ಲಾದರೆ ಪ್ರತಿಯೊಬ್ಬ ಗ್ರಾಹಕನಿಗೂ ಪ್ರತ್ಯೇಕ ಪ್ರತಿ ಕಳುಹಿಸಬೇಕಾಗುತ್ತದೆ.

ಕಾರ್ಯವಿಧಾನ

ಸ್ಟೀವ್ ಡೀರಿಂಗ್ ರಚಿಸಿದ ಆರ್‌ಎಫ್‌ಸಿ 1112 (1989) ಐಪಿ ಮಲ್ಟಿಕಾಸ್ಟ್‌ನ ಮೂಲ ಮಾನಕ. ಇದಕ್ಕೆ ಐಪಿವಿ4ರಲ್ಲಿ 224.0.0.0ರಿಂದ 239.255.255.255ರವರೆಗಿನ ವಿಳಾಸಗಳು ಮೀಸಲಾಗಿವೆ. ಗುಂಪಿಗೆ ಸೇರಬಯಸುವ ಗಣಕವು ಐಜಿಎಂಪಿ ಮೂಲಕ ತನ್ನ ಇಚ್ಛೆಯನ್ನು ರೂಟರ್‌ಗೆ ತಿಳಿಸುತ್ತದೆ. ಸ್ವಿಚ್ ಈ ಸಂದೇಶಗಳನ್ನು ಗಮನಿಸಿ, ಕೇಳಿದ ಪೋರ್ಟ್‌ಗಳಿಗೆ ಮಾತ್ರ ಮಾಹಿತಿ ಬಿಡುವುದಕ್ಕೆ ಐಜಿಎಂಪಿ ಸ್ನೂಪಿಂಗ್ ಎನ್ನುತ್ತಾರೆ. ಈ ಸೌಲಭ್ಯವಿಲ್ಲದ ಸ್ವಿಚ್ ಅದನ್ನು ಎಲ್ಲ ಪೋರ್ಟ್‌ಗಳಿಗೂ ಹರಿಸುತ್ತದೆ. ರೂಟರ್‌ಗಳ ನಡುವೆ ವಿತರಣಾ ವೃಕ್ಷವನ್ನು ರಚಿಸುವ ಕೆಲಸ ಸಾಮಾನ್ಯವಾಗಿ ಪಿಐಎಂ ಶಿಷ್ಟಾಚಾರದ್ದು.

ಷೇರು ವಿನಿಮಯ ಕೇಂದ್ರಗಳಲ್ಲಿ

ಈ ಆಯ್ಕೆಯು ಕೇವಲ ತಾಂತ್ರಿಕವಲ್ಲ ಎಂಬುದನ್ನು ಭಾರತದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) ಪ್ರಕರಣ ತೋರಿಸಿತು. ಅಲ್ಲಿ ಪ್ರತಿ ವಹಿವಾಟಿನ ಮಾಹಿತಿಯನ್ನು ಮೊದಲು ಟಿಸಿಪಿ ಆಧಾರಿತ ಯೂನಿಕಾಸ್ಟ್ ಮೂಲಕ ಸದಸ್ಯರಿಗೆ ಒಬ್ಬರ ನಂತರ ಒಬ್ಬರಂತೆ ಕಳುಹಿಸಲಾಗುತ್ತಿತ್ತು. ಸರ್ವರ್‌ಗೆ ಮೊದಲು ಸಂಪರ್ಕ ಸಾಧಿಸಿದವರಿಗೆ ಮಾಹಿತಿಯೂ ಮೊದಲು ದೊರೆಯುವ ಅವಕಾಶವಿತ್ತು. 2014ರಲ್ಲಿ ಮಲ್ಟಿಕಾಸ್ಟ್ ವ್ಯವಸ್ಥೆ ಜಾರಿಗೆ ಬಂದಿತು. 2019ರ ಏಪ್ರಿಲ್ 30ರಂದು ಸೆಬಿ 624.89 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಪಾವತಿಸಲು ಎನ್‌ಎಸ್‌ಇಗೆ ಆದೇಶಿಸಿತು. 2023ರ ಜನವರಿಯಲ್ಲಿ ಷೇರು ಮೇಲ್ಮನವಿ ನ್ಯಾಯಮಂಡಳಿಯು ಆ ಮೊತ್ತವನ್ನು ರದ್ದುಪಡಿಸಿ, 100 ಕೋಟಿ ರೂಪಾಯಿ ಠೇವಣಿ ಇಡಲು ಸೂಚಿಸಿತು.

ಮಲ್ಟಿಕಾಸ್ಟ್‌ಗೂ ಮಿತಿಗಳಿವೆ. ಇದು ಸಾಮಾನ್ಯವಾಗಿ ಯುಡಿಪಿಯನ್ನು ಅವಲಂಬಿಸುವುದರಿಂದ ಕಳೆದುಹೋದ ಪ್ಯಾಕೆಟ್ ತಾನಾಗಿ ಮರುರವಾನೆಯಾಗುವುದಿಲ್ಲ. ಆದ್ದರಿಂದ ಅನೇಕ ವಿನಿಮಯ ಕೇಂದ್ರಗಳು ಒಂದೇ ಮಾಹಿತಿಯನ್ನು ಎರಡು ಪ್ರತ್ಯೇಕ ವಾಹಿನಿಗಳಲ್ಲಿ ಕಳುಹಿಸುತ್ತವೆ.

ಕ್ಲೌಡ್ ಜಾಲಗಳಲ್ಲಿ

2014ರ ವಿಎಕ್ಸ್‌ಲ್ಯಾನ್ ವಿವರಣೆಯು 24 ಬಿಟ್‌ಗಳ ಗುರುತುಸಂಖ್ಯೆಯ ಮೂಲಕ ಸುಮಾರು 1.6 ಕೋಟಿ ಪ್ರತ್ಯೇಕ ಜಾಲಗಳಿಗೆ ಅವಕಾಶ ನೀಡಿತು. ಬ್ರಾಡ್‌ಕಾಸ್ಟ್ ದಟ್ಟಣೆಯನ್ನು ಸಾಗಿಸಲು ಅದು ಮಲ್ಟಿಕಾಸ್ಟನ್ನೇ ನೆಚ್ಚಿತ್ತು. ಆದರೆ ಪ್ರತಿ ಗುಂಪಿನ ಸ್ಥಿತಿಯನ್ನೂ ಸ್ವಿಚ್‌ನ ಸೀಮಿತ ಸ್ಮೃತಿಯಲ್ಲಿ ಇಡಬೇಕಾದ್ದರಿಂದ, ಹಲವು ನಿರ್ವಾಹಕರು ಇವಿಪಿಎನ್ ಮೂಲಕ ಗಮ್ಯಗಳನ್ನು ತಿಳಿದು, ಜಾಲದ ಪ್ರವೇಶದಲ್ಲೇ ಪ್ರತಿಗಳನ್ನು ಮಾಡುವ ವಿಧಾನಕ್ಕೆ ಹೊರಳಿದರು. ಇದರಿಂದ ಸ್ಮೃತಿಯ ಹೊರೆ ಇಳಿದರೂ ಬ್ಯಾಂಡ್‌ವಿಡ್ತ್‌ನ ವೆಚ್ಚ ಹೆಚ್ಚುತ್ತದೆ.

ದಟ್ಟಣೆಯ ನಿಯಂತ್ರಣ

ಅನೇಕ ಸರ್ವರ್‌ಗಳು ಒಂದೇ ಗ್ರಾಹಕನಿಗೆ ಒಟ್ಟಿಗೆ ಮಾಹಿತಿ ಕಳುಹಿಸಿದಾಗ ಸ್ವಿಚ್‌ನ ಬಫರ್ ತುಂಬಿ ಪ್ಯಾಕೆಟ್‌ಗಳು ನಷ್ಟವಾಗುತ್ತವೆ. ಇದಕ್ಕೆ ಎರಡು ಮುಖ್ಯ ಪರಿಹಾರಗಳಿವೆ. 2001ರಲ್ಲಿ ಮಾನಕವಾದ ಇಸಿಎನ್, ಪ್ಯಾಕೆಟ್ಟನ್ನು ಬಿಸಾಡುವ ಬದಲು ಅದರ ಮೇಲೆ ಗುರುತು ಹಾಕಿ ವೇಗ ತಗ್ಗಿಸುವಂತೆ ಸೂಚಿಸುತ್ತದೆ. 2011ರ ಪಿಎಫ್‌ಸಿ, ಆಯ್ದ ಆದ್ಯತೆಯ ದಟ್ಟಣೆಯನ್ನು ಹಿಂದಿನ ಸ್ವಿಚ್‌ನಲ್ಲೇ ತಡೆದು ನಿಲ್ಲಿಸುತ್ತದೆ. ಆದರೆ ಆ ತಡೆ ಹಿಂದಕ್ಕೆ ಹಬ್ಬುತ್ತಾ ಸಂಬಂಧವಿಲ್ಲದ ಹರಿವುಗಳನ್ನೂ ನಿಲ್ಲಿಸಬಲ್ಲದು. ಇಂಥ ವಿರಾಮಗಳ ಸರಪಳಿಯನ್ನೂ ಪರಸ್ಪರ ಸ್ತಂಭನವನ್ನೂ ಮೈಕ್ರೋಸಾಫ್ಟ್ ತಂತ್ರಜ್ಞರು 2016ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ.

ಇತ್ತೀಚಿನ ಬೆಳವಣಿಗೆಗಳು

ಕೃತಕ ಬುದ್ಧಿಮತ್ತೆಯ ತರಬೇತಿಯಲ್ಲಿ ಸಾವಿರಾರು ಜಿಪಿಯುಗಳು ಹಂತಹಂತವಾಗಿ ಪರಸ್ಪರ ಕಾಯುತ್ತವೆ. ಒಂದು ಹರಿವು ತಡವಾದರೆ ಎಲ್ಲವೂ ನಿಲ್ಲುತ್ತವೆ. 2024ರಲ್ಲಿ ಮೆಟಾ ಸಂಸ್ಥೆಯು ತಲಾ 24,576 ಜಿಪಿಯುಗಳ ಎರಡು ಸಮೂಹಗಳನ್ನು ಪ್ರಕಟಿಸಿತು. ಒಂದು ಈಥರ್ನೆಟ್ ಆಧಾರಿತ ಆರ್‌ಒಸಿಇಯನ್ನೂ ಇನ್ನೊಂದು ಇನ್ಫಿನಿಬ್ಯಾಂಡನ್ನೂ ಬಳಸುತ್ತಿತ್ತು. ಇಂಥ ಕೆಲಸಗಳಿಗೆ ಈಥರ್ನೆಟ್ಟನ್ನು ಸಜ್ಜುಗೊಳಿಸಲು 2023ರ ಜುಲೈಯಲ್ಲಿ ಅಲ್ಟ್ರಾ ಈಥರ್ನೆಟ್ ಕನ್ಸೋರ್ಟಿಯಂ ಆರಂಭವಾಯಿತು. ಅದರ 1.0 ಆವೃತ್ತಿಯ ವಿವರಣೆ 2025ರ ಜೂನ್‌ನಲ್ಲಿ ಬಿಡುಗಡೆಯಾಯಿತು.