ಬೆಂಚಿನ ಮೇಲೆ ಯಾರೂ ಕೂರಬಾರದು

ಮಕ್ಕಳು ಹತ್ತನೆಯ ತರಗತಿಗೆ ಬಂದೊಡನೆ ಆಟದ ಅವಧಿಯನ್ನು ಗಣಿತಕ್ಕೆ ಕಿತ್ತುಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಉಳಿದ ತರಗತಿಗಳಲ್ಲಿಯೂ ಆಟವೆಂಬುದು ಆಯ್ದ ಕೆಲವರ ಸೊತ್ತು. ಮಿಕ್ಕವರ ಪಾಲಿಗೆ ಚಪ್ಪಾಳೆ. ಇದು ಅನ್ಯಾಯವೆಂದೇ ನನ್ನ ವಾದ.

ಅಮೆರಿಕದ ಬರ್ಕ್ಲಿಯ ಪ್ರೌಢಶಾಲೆಯಲ್ಲಿ ಮ್ಯಾಟ್ ಫ್ರಿಟ್ಸಿಂಗರ್ ಎಂಬ ಗಣಿತ ಶಿಕ್ಷಕರೇ ಮಕ್ಕಳ ಮೌಂಟನ್ ಬೈಕ್ ತಂಡವನ್ನು ಕಟ್ಟಿದರು. ಆ ಪ್ರಯತ್ನದಿಂದ 2001ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಶಾಲೆಗಳ ಲೀಗ್, 2009ರಲ್ಲಿ ರಾಷ್ಟ್ರೀಯ ಸಂಸ್ಥೆ ಹುಟ್ಟಿದವು. ಅಲ್ಲಿಯ ಮೂಲಮಂತ್ರ: ಬೆಂಚಿನ ಮೇಲೆ ಯಾರೂ ಕೂರುವಂತಿಲ್ಲ. ತಂಡದ ನಿಧಾನಿಗೂ ಸ್ಪರ್ಧೆಯಲ್ಲಿ ಸ್ಥಾನವುಂಟು.

ಸೈಕಲ್ಲನ್ನು ಒಬ್ಬೊಬ್ಬರೇ ತುಳಿಯುವಾಗ ತಂಡವೇಕೆ ಎಂದು ಕೆಲವರು ಕೇಳುತ್ತಾರೆ. ಏರು ಬರುವ ಮೊದಲೇ ಗೇರನ್ನು ಹಗುರ ಮಾಡುವುದು, ಇಳಿಜಾರಿನ ತಿರುವಿಗೆ ಮುನ್ನವೇ ಬ್ರೇಕು ಹಿಡಿಯುವುದು, ಇವೆಲ್ಲವನ್ನೂ ಹೊಸಬನು ಕಲಿಯುವುದು ಮುಂದೆ ಸಾಗುವ ಗೆಳೆಯನನ್ನು ನೋಡಿಯೇ. ಚಕ್ರ ಪಂಕ್ಚರ್ ಆದರೆ ಕಾಡುದಾರಿಯಲ್ಲಿ ನಿಲ್ಲುವವನೂ ಆ ಗೆಳೆಯನೇ.

ಅಂಥ ಸೈಕಲ್ಲು ದುಬಾರಿ ಎನ್ನುವಿರಾ? ನಿಜ. ಆದರೆ ಆ ಮಂತ್ರಕ್ಕೆ ಬೆಲೆಯಿಲ್ಲ. ಕಬಡ್ಡಿಗೂ ಖೋಖೋಗೂ ಅದನ್ನು ಅನ್ವಯಿಸಲು ಬಿಡಿಗಾಸೂ ಬೇಕಿಲ್ಲ. ಶಿಕ್ಷಕ ವೃತ್ತಿಯಲ್ಲಿರುವ ನನ್ನ ಶಿಷ್ಯರೇ, ಗೆಲ್ಲುವವರನ್ನು ಹುಡುಕುವುದು ಆಯ್ಕೆದಾರರ ಕೆಲಸ. ಎಲ್ಲರನ್ನೂ ಅಂಗಳಕ್ಕಿಳಿಸುವುದು ನಮ್ಮ ಧರ್ಮ. ನಾಳೆಯ ಆಟದ ಅವಧಿಯನ್ನು ಮಕ್ಕಳಿಗೇ ಬಿಟ್ಟುಕೊಡಿ.