ಉಪಕಾರವನ್ನು ಹಿಂದಿರುಗಿಸುವದೆಂದರೇನು?

ಈಚೆಗೆ ಧಾರವಾಡದ ಒಂದು ಸಭೆಯಲ್ಲಿ ಸನ್ಮಾನ ಹೊಂದಿದ ಮಹನೀಯರೊಬ್ಬರು, ‘ಈ ಸಂಸ್ಥೆಯ ಉಪಕಾರವನ್ನು ಹಿಂದಿರುಗಿಸುವ ಸುಯೋಗವು ನನಗಿಂದು ಒದಗಿತು’ ಎಂದು ಗಂಭೀರವಾಗಿ ನುಡಿದರು. ನನ್ನ ಮಗ್ಗುಲಲ್ಲಿ ಕುಳಿತಿದ್ದ ಹಳ್ಳಿಯ ಹಿರಿಯರು ಮೆಲ್ಲನೆ ಕೇಳಿದರು: ‘ಯಾಕ್ರೀ, ಕೊಟ್ಟದ್ದು ಅವರಿಗೆ ಬ್ಯಾಡಾತೇನು?’

ನಗುವವರು ನಗಲಿ, ಭಾಷೆ ಬಲ್ಲವರು ಆ ಹಿರಿಯರೇ. ಕನ್ನಡದಲ್ಲಿ ಹಿಂದಿರುಗಿಸತಕ್ಕದ್ದು ಒಲ್ಲದ ಉಡುಗೊರೆಯನ್ನು, ವಿಳಾಸ ತಪ್ಪಿದ ಪತ್ರವನ್ನು. ಉಪಕಾರವನ್ನಾದರೋ ನೆನೆಯುತ್ತೇವೆ; ಅದರ ಋಣವನ್ನು ತೀರಿಸುತ್ತೇವೆ, ತೀರದಿದ್ದರೆ ಹೊರುತ್ತೇವೆ. ಆ ನುಡಿಗಟ್ಟು ಇಂಗ್ಲಿಷಿನಲ್ಲಿ ಸೊಗಸಾಗಿಯೇ ಇದೆ. ನನ್ನ ತಕರಾರು ಪದಕ್ಕೆ ಪದವಿಟ್ಟು ಅದನ್ನು ಇಳಿಸಿಕೊಳ್ಳುವ ನಮ್ಮ ಸೋಮಾರಿತನದ ಮೇಲೆ.

ಮನೆಯಲ್ಲಿಯೇ ‘ಮುಯ್ಯಿ’ ಎಂಬ ಮಾತಿರುವಾಗ ಈ ಸಾಲವೇಕೆ? ೧೮೯೪ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಲ್ಲಿ ಅದು ಸೇರಿದೆ. ಪರದೇಶದ ಪಾದ್ರಿಯೊಬ್ಬನು ಕಿವಿಗೊಟ್ಟು ಆಯ್ದುಕೊಂಡ ಮಾತನ್ನು ನಾವು ಹಿತ್ತಲಿಗೆ ಎಸೆದಿದ್ದೇವೆ. ಬಿತ್ತನೆಗೋ ಸುಗ್ಗಿಗೋ ಒಂದು ಮನೆಯವರು ನೆರೆಯವರ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವದು, ತಮ್ಮ ಪಾಳಿ ಬಂದಾಗ ಅವರು ಬಂದು ದುಡಿಯುವದು: ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಮದುವೆಯ ಕಾಣಿಕೆಯೂ ಮುಯ್ಯಿಯೇ. ಯಾರು ಏನು ಕೊಟ್ಟರೆಂದು ಮನೆಯವರು ಬರೆದಿಟ್ಟುಕೊಂಡು, ಅವರ ಮನೆಯ ಮದುವೆಯಲ್ಲಿ ಅಷ್ಟನ್ನು, ಕೈ ನಡೆದರೆ ತುಸು ಹೆಚ್ಚನ್ನು, ಕೊಡುವರು. ಇದರಲ್ಲಿ ಲೆಕ್ಕವಿಲ್ಲವೆಂದು ನಾನು ಹೇಳೆನು; ಲೆಕ್ಕವುಂಟು. ಆದರೆ ಅದು ಹಂದರದ ಕೆಳಗೆ, ನಾಲ್ಕು ಜನರೆದುರಿಗೆ ನಡೆಯುವ ಲೆಕ್ಕ.

‘ನೀನು ನನ್ನ ಬೆನ್ನು ಕೆರೆ, ನಾನು ನಿನ್ನ ಬೆನ್ನು ಕೆರೆಯುವೆ’ ಎಂಬ ಇನ್ನೊಂದು ಆಂಗ್ಲ ಮಾತು ಈಗ ಕನ್ನಡದಲ್ಲಿ ಓಡಾಡುತ್ತಿದೆ. ಅದು ಹಂದರದ ಹಿಂದಿನ ವ್ಯವಹಾರ. ಇವರ ಪುಸ್ತಕವನ್ನು ಅವರು ಓದದೆಯೇ ಹೊಗಳುವದು, ಅವರ ಪುಸ್ತಕಕ್ಕೆ ಇವರು ಮುನ್ನುಡಿ ಬರೆಯುವದು. (ನಮ್ಮ ವಾಚಕರಿಗೆ ಉದಾಹರಣೆಗಳು ಬೇಕಾಗಲಾರವು.) ಇದಕ್ಕೂ ನಾವು ‘ಪ್ರತ್ಯುಪಕಾರ’ವೆಂಬ ಮರ್ಯಾದೆಯ ಹೆಸರನ್ನೇ ಕೊಟ್ಟರೆ, ನೆರೆಯವನ ಹೊಲದಲ್ಲಿ ಬೆವರು ಸುರಿಸಿದ ಒಕ್ಕಲಿಗನನ್ನೂ ಸುಳ್ಳು ಹೊಗಳಿದ ವಿಮರ್ಶಕನನ್ನೂ ಒಂದೇ ಪಂಕ್ತಿಯಲ್ಲಿ ಕೂಡ್ರಿಸಿದಂತಾಗುತ್ತದೆ. ನುಡಿಯು ಕೆಟ್ಟಿತೆಂದು ಮಾತ್ರವಲ್ಲ, ವಿವೇಕವೇ ಮಂಕಾಯಿತೆಂದು ನನ್ನ ಕಳವಳ.

ಇತ್ತ ‘ಮುಯ್ಯಿ’ಯ ಗತಿ ಏನಾಗಿದೆ ನೋಡಿರಿ. ಹುಬ್ಬಳ್ಳಿಯ ಪೇಟೆಯ ಮಕ್ಕಳನ್ನು ಕೇಳಿದರೆ, ಮುಯ್ಯಿಯೆಂದರೆ ಸೇಡು ಎನ್ನುತ್ತಾರೆ. ಒಳಿತಿಗೆ ಒಳಿತೆಂಬ ಅರ್ಥವನ್ನು ನಾವು, ಕಲಿತವರೇ, ಕೈಬಿಟ್ಟೆವು. ಕೇಡಿಗೆ ಕೇಡೆಂಬುದನ್ನು ಮಾತ್ರ ಪತ್ರಿಕೆಗಳ ತಲೆಬರಹಕ್ಕಾಗಿ ಉಳಿಸಿಕೊಂಡೆವು. ಇಂದು ಯಾರಾದರೂ ವ್ಯಾಸಪೀಠದ ಮೇಲೆ ನಿಂತು, ‘ಈ ಸಂಸ್ಥೆಗೆ ಮುಯ್ಯಿ ತೀರಿಸಲು ಬಂದಿದ್ದೇನೆ’ ಎಂದರೆ ಸಂಚಾಲಕರು ಪೋಲೀಸರನ್ನು ಕರೆದಾರು!